ಜಲಕೃಷಿ ವಿದ್ಯೆ: ವ್ಯಾಸಂಗ ಮತ್ತು ವೃತ್ತಿ

ಹನ್ನೆರಡನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ಮಧ್ಯಮ ವರ್ಗದ ಮನೆಗಳಲ್ಲೆಲ್ಲ ಒಂದೇ ಚರ್ಚೆ ಆರಂಭವಾಗುತ್ತದೆ. ಜೀವಶಾಸ್ತ್ರವನ್ನು ಆರಿಸಿಕೊಂಡ ಮಕ್ಕಳಿಗೆ ವೈದ್ಯಕೀಯವೊಂದೇ ದಾರಿ, ಅದು ತಪ್ಪಿದರೆ ಮುಂದೇನು ಎಂಬ ಆತಂಕ ತಂದೆತಾಯಿಗಳನ್ನು ಕಾಡುತ್ತದೆ. ಕೀಲ್ಪಾಕಿನ ನಿವಾಸಿಗಳಿಗಂತೂ 1960ರಲ್ಲಿ ಸ್ಥಾಪಿತವಾದ ವೈದ್ಯಕೀಯ ಮಹಾವಿದ್ಯಾಲಯವು ದಿನವೂ ಕಣ್ಣಿಗೆ ಬೀಳುವುದರಿಂದ ಈ ಆಸೆ ಬಲಿಯುವುದು ಸಹಜವೇ. ಆದರೆ ಅಲ್ಲಿಂದ ಅನತಿದೂರದಲ್ಲಿ, ಸುಮಾರು 16 ಎಕರೆ ವಿಸ್ತಾರದ ಚೇತ್‌ಪಟ್ ಕೆರೆಯೂ ಇದೆ. ತಮಿಳುನಾಡು ಮೀನುಗಾರಿಕೆ ಇಲಾಖೆಯು 2016ರಲ್ಲಿ ಇದನ್ನು ಉದ್ಯಾನವಾಗಿ ರೂಪಿಸಿ ಸಾರ್ವಜನಿಕರಿಗೆ ತೆರೆಯಿತು. ದೋಣಿವಿಹಾರಕ್ಕೆಂದು ಅಲ್ಲಿಗೆ ಹೋಗುವ ಅನೇಕರಿಗೆ, ಮದ್ರಾಸ್ ಮೀನುಗಾರಿಕೆ ಇಲಾಖೆಯ ಸಿಹಿನೀರಿನ ಜೀವವಿಜ್ಞಾನ ಕೇಂದ್ರವೊಂದು ಹಿಂದೆ ಕೀಲ್ಪಾಕಿನಲ್ಲಿಯೇ ಇತ್ತೆಂಬುದು ತಿಳಿದಿರಲಾರದು. ಅಲ್ಲಿ ಅಭ್ಯಾಸ ಮಾಡಿದ ಶಾಸ್ತ್ರವೇ ಇಂದು ವಿಶ್ವವಿದ್ಯಾನಿಲಯಗಳಲ್ಲಿ ಪದವಿಯಾಗಿ ಬೆಳೆದು ನಿಂತಿರುವ ಜಲಕೃಷಿ ವಿದ್ಯೆ.

ಜಲಕೃಷಿ ಎಂದರೇನು?

ಸಮುದ್ರದಲ್ಲಿ ಅಥವಾ ನದಿಯಲ್ಲಿ ತಾನಾಗಿ ಬೆಳೆದ ಮೀನನ್ನು ಬಲೆ ಹಾಕಿ ಹಿಡಿಯುವುದು ಮೀನುಗಾರಿಕೆ. ಮೀನು, ಸಿಗಡಿ, ಏಡಿ, ಮುತ್ತಿನ ಚಿಪ್ಪು, ಕಡಲಕಳೆ ಮುಂತಾದವುಗಳನ್ನು ಬಿತ್ತಿ, ಪೋಷಿಸಿ, ಬೆಳೆ ತೆಗೆಯುವುದು ಜಲಕೃಷಿ. ಬೇಟೆಗೂ ಬೇಸಾಯಕ್ಕೂ ಇರುವ ಅಂತರವೇ ಇವೆರಡಕ್ಕೂ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಸಾಕಿ ಬೆಳೆಸಿದ ಜಲಚರ ಪ್ರಾಣಿಗಳ ಪ್ರಮಾಣವು, ಹಿಡಿದು ತಂದ ಪ್ರಮಾಣವನ್ನು ಮೊದಲ ಬಾರಿಗೆ ಮೀರಿತು. ಕಡಲಿನ ಸಂಪತ್ತಿಗೆ ಮಿತಿಯಿದೆ. ಉಣ್ಣುವವರ ಸಂಖ್ಯೆಯಾದರೋ ಏರುತ್ತಲೇ ಇದೆ. ಆದ್ದರಿಂದ ಈ ವಿದ್ಯೆಯ ಅಗತ್ಯ ಮುಂದೆಯೂ ಕುಗ್ಗಲಾರದು.

ಇದು ಕನ್ನಡಿಗರಿಗೆ ಹೊಸತೇನೂ ಅಲ್ಲ. ಉತ್ತರ ಕನ್ನಡದ ಕುಮಟಾ ಸೀಮೆಯಲ್ಲಿ ಅಘನಾಶಿನಿ ನದಿಯ ಅಳಿವೆಯ ಗಜನಿ ಭೂಮಿಗಳಲ್ಲಿ ಮಳೆಗಾಲದಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಾದ ಮೇಲೆ ಉಬ್ಬರದ ನೀರನ್ನು ಒಳಬಿಟ್ಟು ಸಿಗಡಿ ಮೀನುಗಳನ್ನು ಪಡೆಯುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಮದ್ರಾಸಿಗೂ ಈ ಕರಾವಳಿಗೂ ಆಡಳಿತದ ನಂಟು ಸಹ ಇತ್ತು. ಸರ್ ಫ್ರೆಡರಿಕ್ ನಿಕಲ್ಸನ್ ಅವರ ಪ್ರಯತ್ನದಿಂದ 1907ರಲ್ಲಿ ಮದ್ರಾಸಿನಲ್ಲಿ ಮೀನುಗಾರಿಕೆಯ ಪ್ರತ್ಯೇಕ ಇಲಾಖೆ ರೂಪುಗೊಂಡಾಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. 1956ರವರೆಗೂ ಹಾಗೆಯೇ ಇತ್ತು.

ಅನುಭವದಿಂದ ಶಾಸ್ತ್ರಕ್ಕೆ

ಸಾಂಪ್ರದಾಯಿಕ ಅನುಭವವೊಂದೇ ಸಾಲದೆ ಶಾಸ್ತ್ರ ಏಕೆ ಬೇಕಾಯಿತೆಂಬುದಕ್ಕೆ ಒಂದು ನಿದರ್ಶನ ಸಾಕು. ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಯ ಮೀನುಗಳು ನಿಂತ ನೀರಿನಲ್ಲಿ ಬೆಳೆಯುತ್ತವೆಯೇ ಹೊರತು ಮೊಟ್ಟೆಯಿಡುವುದಿಲ್ಲ. ಅದಕ್ಕೆ ಮಳೆಗಾಲದ ಹರಿಯುವ ನದಿಯೇ ಬೇಕು. ಹೀಗಾಗಿ ಮರಿಗಳಿಗಾಗಿ ರೈತರು ನದಿಯನ್ನೇ ನಂಬಬೇಕಾಗಿತ್ತು, ಹಾಗೂ ನದಿಯಲ್ಲಿ ದೊರೆತ ಮರಿಗಳಲ್ಲಿ ಬೇಡದ ಜಾತಿಗಳೂ ಬೆರೆತಿರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಗೆಂಡೆ ಮೀನುಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡುವುದರಲ್ಲಿ ಯಶಸ್ವಿಯಾದರು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತದೆ. ಭದ್ರಾ ಅಣೆಕಟ್ಟಿನ ಬಳಿಯ ಬಿ.ಆರ್.ಪಿ.ಯಂತಹ ಮೀನುಮರಿ ಉತ್ಪಾದನಾ ಕೇಂದ್ರಗಳು ನಡೆಯುತ್ತಿರುವುದು ಈ ಶೋಧದ ಫಲವೇ.

ಚೆನ್ನೈನಲ್ಲಿಯೂ ಇಂತಹ ಸಾಧನೆ ನಡೆದಿದೆ. 1987ರಲ್ಲಿ ಇಲ್ಲಿ ಆರಂಭವಾದ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆಯು (ಸೀಬಾ) ಮುಟ್ಟುಕಾಡಿನಲ್ಲಿ ತನ್ನ ಪ್ರಯೋಗ ಕೇಂದ್ರವನ್ನು ಹೊಂದಿದ್ದು, ತಮಿಳಿನಲ್ಲಿ ಕೊಡುವಾ ಎನ್ನುವ ಬೆಲೆಬಾಳುವ ಮೀನನ್ನು 1997ರಲ್ಲಿ ಸೆರೆಯಲ್ಲಿಯೇ ಮರಿ ಮಾಡಿಸಿತು.

ಪದವಿಯ ಸ್ವರೂಪ

ದೇಶದ ಮೊಟ್ಟಮೊದಲ ಮೀನುಗಾರಿಕೆ ಮಹಾವಿದ್ಯಾಲಯ ಸ್ಥಾಪಿತವಾದುದು ಮಂಗಳೂರಿನಲ್ಲಿ, 1969ರಲ್ಲಿ, ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ. ಆಗ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿತ್ತು. ಈಗ ಬೀದರದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ತಮಿಳುನಾಡಿನಲ್ಲಿ 1977ರಲ್ಲಿ ತೂತುಕುಡಿಯ ಕಾಲೇಜು ಪ್ರಾರಂಭವಾಯಿತು. 2012ರಲ್ಲಿ ನಾಗಪಟ್ಟಣದಲ್ಲಿ ಮೀನುಗಾರಿಕೆಗೆಂದೇ ಪ್ರತ್ಯೇಕ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಚೆನ್ನೈಗೆ ಹತ್ತಿರದ ಪೊನ್ನೇರಿಯಲ್ಲಿ ಅದರ ಕಾಲೇಜೊಂದಿದೆ.

ಬಿ.ಎಫ್.ಎಸ್‌ಸಿ. ಎಂದು ಕರೆಯಲ್ಪಡುವ ಈ ಪದವಿಯ ಅವಧಿ ನಾಲ್ಕು ವರ್ಷ. ಜಲಕೃಷಿ, ನೀರು ಮತ್ತು ಮಣ್ಣಿನ ರಸಾಯನಶಾಸ್ತ್ರ, ಜಲಚರಗಳ ರೋಗಗಳು, ತಳಿಶಾಸ್ತ್ರ, ಆಹಾರ ತಯಾರಿಕೆ, ಸಂಸ್ಕರಣೆ, ಮೀನುಗಾರಿಕೆಯ ಇಂಜಿನಿಯರಿಂಗ್, ಅರ್ಥಶಾಸ್ತ್ರ, ವಿಸ್ತರಣೆ ಇವೆಲ್ಲವನ್ನೂ ವಿದ್ಯಾರ್ಥಿಯು ಕಲಿಯಬೇಕು. ಕೊನೆಯ ವರ್ಷದಲ್ಲಿ ಹಳ್ಳಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಕೆಲಸದ ಅನುಭವ ಪಡೆಯುವುದು ಕಡ್ಡಾಯ. ಪ್ರಾಣಿಶಾಸ್ತ್ರದ ಸಾಮಾನ್ಯ ಬಿ.ಎಸ್‌ಸಿ.ಗೂ ಇದಕ್ಕೂ ವ್ಯತ್ಯಾಸವಿದೆ. ಇದು ಕೃಷಿ ಪದವಿಯಂತೆ ವೃತ್ತಿಶಿಕ್ಷಣ. ಇಲಾಖೆಗಳ ಅನೇಕ ಹುದ್ದೆಗಳಿಗೆ ಈ ಪದವಿಯನ್ನೇ ಅರ್ಹತೆಯಾಗಿ ನಿಗದಿಪಡಿಸಲಾಗುತ್ತದೆ.

ಪ್ರವೇಶಕ್ಕೆ ವೈದ್ಯಕೀಯದ ನೀಟ್ ಪರೀಕ್ಷೆಯ ಅಗತ್ಯವಿಲ್ಲ. ತಮಿಳುನಾಡಿನಲ್ಲಿ ಹನ್ನೆರಡನೆಯ ತರಗತಿಯ ಅಂಕಗಳನ್ನು ಆಧರಿಸಿಯೂ, ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕವೂ ಆಯ್ಕೆ ನಡೆಯುತ್ತದೆ. ಇವುಗಳ ಹೊರತಾಗಿ ಅಖಿಲ ಭಾರತ ಕೋಟಾದ ಸ್ಥಾನಗಳೂ ಉಂಟು. ಹೊರನಾಡ ಹಾಗೂ ಗಡಿನಾಡ ಕನ್ನಡಿಗರ ಮಕ್ಕಳಿಗೆ ಕರ್ನಾಟಕದ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಪ್ರತ್ಯೇಕ ಅವಕಾಶವಿದ್ದು, ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯನ್ನು ಎದುರಿಸಬೇಕಾಗುತ್ತದೆ. ಮನೆಯಲ್ಲಿ ಕನ್ನಡ ಓದುಬರಹವನ್ನು ಉಳಿಸಿಕೊಂಡ ಕುಟುಂಬಗಳಿಗೆ ಇದರ ಪ್ರಯೋಜನ ದೊರೆಯಬಹುದು. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದಿಯೇ ಅರ್ಜಿ ಸಲ್ಲಿಸುವುದು ಉಚಿತ.

ನೀರಿನ ವೈದ್ಯ

ವೈದ್ಯನಾಗಲು ಬಯಸಿದ ವಿದ್ಯಾರ್ಥಿಗೆ ಈ ಶಾಸ್ತ್ರ ಅಪರಿಚಿತವೆನಿಸದು. ವ್ಯತ್ಯಾಸವಿಷ್ಟೇ: ಮನುಷ್ಯನಿಗೆ ಕಾಯಿಲೆಯಾದರೆ ರೋಗಿಯನ್ನು ಪರೀಕ್ಷಿಸುತ್ತಾರೆ, ಲಕ್ಷಾಂತರ ಮೀನುಗಳಿರುವ ಕೊಳದಲ್ಲಿ ಒಂದೊಂದನ್ನೇ ಪರೀಕ್ಷಿಸಿ ಮದ್ದು ಕೊಡುವಂತಿಲ್ಲ. ಆದ್ದರಿಂದ ಇಲ್ಲಿ ನಾಡಿ ಹಿಡಿಯಬೇಕಾದುದು ನೀರಿನದು. ಹಗಲಿನಲ್ಲಿ ನೀರಿನ ಸೂಕ್ಷ್ಮ ಪಾಚಿಗಳು ಬಿಸಿಲಿನ ಸಹಾಯದಿಂದ ಆಮ್ಲಜನಕವನ್ನು ಉತ್ಪಾದಿಸುತ್ತವೆ. ರಾತ್ರಿಯಲ್ಲಿ ಅವೂ ಮೀನುಗಳೊಡನೆ ಉಸಿರಾಡಿ ಅದನ್ನು ವ್ಯಯ ಮಾಡುತ್ತವೆ. ಈ ಕಾರಣದಿಂದ ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆಯಾಗಿ, ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯತೊಡಗುತ್ತವೆ. ಲೀಟರಿಗೆ ಸುಮಾರು 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಕ್ಷೇಮ. ಅದು ಕುಸಿಯುವ ಮೊದಲೇ ಗಾಳಿಯಂತ್ರಗಳನ್ನು ನಡೆಸಬೇಕು. ಉಳಿದ ಆಹಾರವು ಕೊಳೆತು ಅಮೋನಿಯಾ ಹೆಚ್ಚದಂತೆಯೂ ಎಚ್ಚರ ವಹಿಸಬೇಕು. ರೋಗ ಬಂದ ಮೇಲೆ ಗುಣಪಡಿಸುವುದಕ್ಕಿಂತ ಬಾರದಂತೆ ತಡೆಯುವುದೇ ಈ ವಿದ್ಯೆಯ ಸಾರ.

ಈ ಎಚ್ಚರಕ್ಕೆ ತೆರಬೇಕಾದ ಬೆಲೆಯನ್ನು ನಮ್ಮ ದೇಶ ಒಮ್ಮೆ ಕಂಡಿದೆ. 1990ರ ದಶಕದ ಆರಂಭದಲ್ಲಿ ಪೂರ್ವ ಕರಾವಳಿಯಲ್ಲಿ ಸಿಗಡಿ ಸಾಕಣೆ ಅತಿವೇಗದಿಂದ ಹಬ್ಬಿತು. 1994-95ರಲ್ಲಿ ಬಿಳಿಚುಕ್ಕೆ ವೈರಸ್ ರೋಗ ಕಾಲಿಟ್ಟಿತು. ಈ ರೋಗ ತಗುಲಿದ ಕೊಳದಲ್ಲಿ ಮೂರರಿಂದ ಹತ್ತು ದಿನಗಳೊಳಗಾಗಿ ಇಡೀ ಬೆಳೆ ನಾಶವಾಗಬಹುದು, ಔಷಧಿಯಿಲ್ಲ. ಇದು ಮನುಷ್ಯರಿಗೆ ತಗಲುವ ರೋಗವಲ್ಲವಾದರೂ ಸಾಲ ಮಾಡಿದ ಕುಟುಂಬಗಳನ್ನು ಅದು ಬಿಡಲಿಲ್ಲ. ಅದೇ ಕಾಲಕ್ಕೆ ಕುಡಿಯುವ ನೀರೂ ಗದ್ದೆಗಳೂ ಉಪ್ಪಾಗುತ್ತಿವೆಯೆಂಬ ದೂರು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿ, 1996ರ ಡಿಸೆಂಬರಿನಲ್ಲಿ ಕಠಿಣ ತೀರ್ಪು ಹೊರಬಿತ್ತು. ಅನಂತರ 2005ರ ಕಾಯಿದೆಯಂತೆ ಕರಾವಳಿ ಜಲಕೃಷಿ ಪ್ರಾಧಿಕಾರ ರಚಿತವಾಯಿತು; ಅದರ ಪ್ರಧಾನ ಕಚೇರಿ ಚೆನ್ನೈನಲ್ಲಿಯೇ ಇದೆ. 2009ರಿಂದ ವನ್ನಾಮಿ ಎಂಬ ವಿದೇಶಿ ಸಿಗಡಿಗೆ ಅನುಮತಿ ದೊರೆತಾಗ, ಆಮದಾದ ತಾಯಿಸಿಗಡಿಗಳನ್ನು ಚೆನ್ನೈನ ನೀಲಾಂಕರೈ ಕೇಂದ್ರದಲ್ಲಿ ಪ್ರತ್ಯೇಕವಾಗಿರಿಸಿ, ಪರೀಕ್ಷಿಸಿದ ನಂತರವೇ ಹೊರಬಿಡುವ ವ್ಯವಸ್ಥೆ ಜಾರಿಗೆ ಬಂದಿತು. ಈ ಪರೀಕ್ಷೆಗಳನ್ನೂ ತಪಾಸಣೆಗಳನ್ನೂ ನಡೆಸಲು ಬೇಕಾಗುವುದು ಇದೇ ವಿದ್ಯೆ.

ಮೀನು ತಿನ್ನುವವರ ಆರೋಗ್ಯಕ್ಕೂ ಇದು ಸಂಬಂಧಿಸಿದೆ. ಉತ್ತಮ ಪ್ರೋಟೀನನ್ನೂ ಒಮೇಗಾ-3 ಕೊಬ್ಬನ್ನೂ ಒದಗಿಸುವ ಆಹಾರ ಮೀನು. ಆದರೆ ಅದು ಬೇಗನೆ ಕೆಡತಕ್ಕದ್ದು. ಕೊಳದಿಂದ ಮಾರುಕಟ್ಟೆಯವರೆಗೆ ಮಂಜುಗಡ್ಡೆಯ ತಂಪು ಎಲ್ಲಿಯೂ ತಪ್ಪಬಾರದು. ಸಾಕಣೆಯಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಮೊದಲಾದ ಜೀವಪ್ರತಿರೋಧಕಗಳ ಬಳಕೆ ನಿಷಿದ್ಧ. ಅವುಗಳ ಲೇಶ ಕಂಡುಬಂದರೂ ರಫ್ತಾದ ಸರಕು ತಿರಸ್ಕೃತವಾಗುತ್ತದೆ. ಅಷ್ಟೇ ಅಲ್ಲ, ಇಂತಹ ಔಷಧಿಗಳ ದುರುಪಯೋಗದಿಂದ ಮದ್ದಿಗೆ ಬಗ್ಗದ ರೋಗಾಣುಗಳು ಹುಟ್ಟಿಕೊಂಡು ಆಸ್ಪತ್ರೆಯ ರೋಗಿಗಳಿಗೂ ತೊಂದರೆಯಾಗುತ್ತದೆ. ಕೊಳದ ದಂಡೆಯ ಮೇಲೆ ನಿಂತು ‘ಈ ಮದ್ದು ಬೇಡ’ ಎಂದು ರೈತನಿಗೆ ತಿಳಿಯಹೇಳುವ ಪದವೀಧರನು ಮಾಡುವುದೂ ಜನಾರೋಗ್ಯದ ಕೆಲಸವೇ.

ಉದ್ಯೋಗದ ದಾರಿಗಳು

ರಾಜ್ಯ ಸರ್ಕಾರಗಳ ಮೀನುಗಾರಿಕೆ ಇಲಾಖೆಗಳಲ್ಲಿ ಸಹಾಯಕ ನಿರ್ದೇಶಕ ಮೊದಲಾದ ಹುದ್ದೆಗಳಿವೆ. 1972ರಲ್ಲಿ ರಚಿತವಾದ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ, 2006ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿ ಇವುಗಳಲ್ಲಿಯೂ ಅವಕಾಶಗಳುಂಟು. ಸಾರ್ವಜನಿಕ ಬ್ಯಾಂಕುಗಳು ಕೃಷಿ ಕ್ಷೇತ್ರಾಧಿಕಾರಿಗಳ ನೇಮಕಾತಿಯಲ್ಲಿ ಮೀನುಗಾರಿಕೆ ವಿಜ್ಞಾನದ ಪದವಿಯನ್ನೂ ಅರ್ಹತೆಯೆಂದು ಪರಿಗಣಿಸುತ್ತವೆ ಎಂಬುದು ಹಲವರಿಗೆ ತಿಳಿಯದ ಸಂಗತಿ. ಖಾಸಗಿ ವಲಯದಲ್ಲಿ ಮರಿ ಉತ್ಪಾದನಾ ಕೇಂದ್ರಗಳು, ಆಹಾರ ತಯಾರಿಕಾ ಕಂಪನಿಗಳು, ರೋಗಪರೀಕ್ಷಾ ಪ್ರಯೋಗಾಲಯಗಳು, ಸಂಸ್ಕರಣ ಘಟಕಗಳು ಇವೆ. ಸಂಶೋಧನೆಯಲ್ಲಿ ಆಸಕ್ತಿಯುಳ್ಳವರು ಎಂ.ಎಫ್.ಎಸ್‌ಸಿ. ಮುಗಿಸಿ ಮುಂಬಯಿಯ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯಲ್ಲಾಗಲಿ, ಸ್ಕಾಟ್ಲೆಂಡಿನ ಸ್ಟರ್ಲಿಂಗ್, ಬೆಲ್ಜಿಯಮಿನ ಗೆಂಟ್ ಮುಂತಾದ ವಿದೇಶಿ ವಿಶ್ವವಿದ್ಯಾನಿಲಯಗಳಲ್ಲಾಗಲಿ ಮುಂದುವರಿಯಬಹುದು.

ಸ್ವಂತ ಉದ್ಯಮಕ್ಕೂ ದಾರಿಯಿದೆ. ಕೀಲ್ಪಾಕಿಗೆ ಹೆಚ್ಚು ದೂರವಲ್ಲದ ಕೊಳತ್ತೂರು ಅಲಂಕಾರಿಕ ಮೀನುಗಳ ವ್ಯಾಪಾರಕ್ಕೆ ಹೆಸರಾದ ಸ್ಥಳ. ಮೀನನ್ನು ಆಹಾರವಾಗಿ ಸೇವಿಸದ ಮನೆತನದ ಮಕ್ಕಳೂ ಅಲಂಕಾರಿಕ ಮೀನು, ಕಡಲಕಳೆ, ನೀರಿನ ಪರೀಕ್ಷೆ ಮುಂತಾದ ವಿಭಾಗಗಳಲ್ಲಿ ನೆಲೆ ಕಂಡುಕೊಳ್ಳಬಹುದು. ಆದರೆ ಪದವಿಯ ಅವಧಿಯಲ್ಲಿ ಮೀನನ್ನು ಮುಟ್ಟಿ, ಕೊಯ್ದು ಕಲಿಯುವುದು ಅನಿವಾರ್ಯವೆಂಬುದನ್ನು ಮೊದಲೇ ಮಾತನಾಡಿಕೊಳ್ಳುವುದು ಮೇಲು.

ಲಾಭನಷ್ಟದ ಲೆಕ್ಕ

ಉದ್ಯಮಕ್ಕೆ ಇಳಿಯುವವರು ಶಾಸ್ತ್ರದೊಡನೆ ಜಮಾಖರ್ಚನ್ನೂ ಕಲಿಯಬೇಕು. ಸಿಗಡಿ ಸಾಕಣೆಯ ವೆಚ್ಚದಲ್ಲಿ ಅರ್ಧದಷ್ಟೋ ಅದಕ್ಕೂ ಹೆಚ್ಚೋ ಆಹಾರಕ್ಕೇ ಸಲ್ಲುತ್ತದೆ. ಉದಾಹರಣೆಗೆ, 4,000 ಕಿಲೋ ಸಿಗಡಿ ಬೆಳೆಯುವ ಕೊಳವನ್ನು ಊಹಿಸೋಣ. ಒಂದು ಕಿಲೋ ಬೆಳೆಗೆ 1.3 ಕಿಲೋ ಆಹಾರ ಸಾಕಾದರೆ ಒಟ್ಟು 5,200 ಕಿಲೋ ಬೇಕು. ನಿರ್ವಹಣೆ ಸಡಿಲವಾಗಿ 1.6 ಕಿಲೋ ಹಿಡಿದರೆ 6,400 ಕಿಲೋ ಬೇಕು. ಕಿಲೋಗೆ 100 ರೂಪಾಯಿಯೆಂದು ಲೆಕ್ಕ ಹಿಡಿದರೂ ವ್ಯತ್ಯಾಸ 1,20,000 ರೂಪಾಯಿ! ತಿನ್ನದೆ ಉಳಿದ ಆಹಾರವು ನೀರನ್ನು ಕೆಡಿಸಿ ರೋಗಕ್ಕೆ ದಾರಿ ಮಾಡುವುದು ಬೇರೆ. ತಟ್ಟೆಯಲ್ಲಿ ಇಟ್ಟ ಆಹಾರ ಎಷ್ಟು ಉಳಿಯಿತೆಂದು ದಿನವೂ ನೋಡಿ ಬರೆದಿಡುವವನ ಹಣ ಉಳಿಯುತ್ತದೆ, ನೀರೂ ಉಳಿಯುತ್ತದೆ.

2018-19ರ ಕೇಂದ್ರ ಮುಂಗಡಪತ್ರದಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡಿನ ಸೌಲಭ್ಯವನ್ನು ಮೀನು ಕೃಷಿಕರಿಗೂ ವಿಸ್ತರಿಸಲಾಯಿತು. 2020ರಲ್ಲಿ 20,050 ಕೋಟಿ ರೂಪಾಯಿಗಳ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಆರಂಭವಾಯಿತು. ಆದರೂ ಸಹಾಯಧನವನ್ನು ಲಾಭವೆಂದು ಎಣಿಸಿ ಸಾಲ ಮಾಡುವುದು ವಿವೇಕವಲ್ಲ. ಒಂದು ಬೆಳೆ ಪೂರ್ತಿ ಕೈಕೊಟ್ಟರೂ ಮುಂದಿನ ಬೆಳೆಗೆ ಬೇಕಾಗುವ ಬಂಡವಾಳವನ್ನು ಪ್ರತ್ಯೇಕವಾಗಿ ಇರಿಸಿಕೊಂಡವರು ಮಾತ್ರ ಈ ಉದ್ಯಮದಲ್ಲಿ ನಿಲ್ಲಬಲ್ಲರು. ಪದವಿ ಮುಗಿದೊಡನೆ ಸ್ವಂತ ಕೊಳಕ್ಕೆ ಧಾವಿಸದೆ ಎರಡು ಮೂರು ವರ್ಷ ಇನ್ನೊಬ್ಬರ ಕೊಳದಲ್ಲಿ ದುಡಿದು ಕಲಿಯುವುದು ಶ್ರೇಯಸ್ಕರ.

ಪೋಷಕರ ಗಮನಕ್ಕೆ

ಈ ವೃತ್ತಿಯ ಕಷ್ಟಗಳನ್ನು ಮರೆಮಾಚಬೇಕಾಗಿಲ್ಲ. ಸರ್ಕಾರಿ ಹುದ್ದೆಗಳು ಮಿತ, ನೇಮಕಾತಿಗೆ ಕಾಯಬೇಕಾಗಬಹುದು. ಖಾಸಗಿ ಕೆಲಸಗಳು ಬಹುಮಟ್ಟಿಗೆ ನಗರದಿಂದ ದೂರ, ಕರಾವಳಿಯ ಹಳ್ಳಿಗಳಲ್ಲಿರುತ್ತವೆ. ರಾತ್ರಿಯ ಹೊತ್ತು ಕೊಳದ ದಂಡೆಯಲ್ಲಿ ಎಚ್ಚರವಿರಬೇಕಾದ ದಿನಗಳೂ ಬರುತ್ತವೆ. ಕೆಸರು, ಬಿಸಿಲು, ಉಪ್ಪುಗಾಳಿಗಳಿಗೆ ಅಂಜುವವರಿಗೆ ಇದು ಒಗ್ಗದು. ವೈದ್ಯಕೀಯ ತಪ್ಪಿತೆಂಬ ಕೊರಗನ್ನು ಹೊತ್ತುಕೊಂಡೇ ಇಲ್ಲಿಗೆ ಬರುವ ವಿದ್ಯಾರ್ಥಿಯು ನಾಲ್ಕು ವರ್ಷವೂ ಕೊರಗುತ್ತಲೇ ಕಳೆಯುವ ಸಂಭವವಿದೆ. ಅದಕ್ಕಿಂತ, ಅರ್ಜಿ ಹಾಕುವ ಮುನ್ನ ಮಗನನ್ನಾಗಲಿ ಮಗಳನ್ನಾಗಲಿ ಒಂದು ಕಾಲೇಜಿಗೂ ಒಂದು ಮೀನುಸಾಕಣೆಯ ಕೇಂದ್ರಕ್ಕೂ ಕರೆದೊಯ್ದು ತೋರಿಸಿ, ಅಲ್ಲಿ ದುಡಿಯುವವರೊಡನೆ ಮಾತನಾಡಿಸಿ, ಅನಂತರ ಅವರ ಅಭಿಪ್ರಾಯವನ್ನು ಕೇಳುವುದು ಲೇಸು. ನೀರಿನ ಗುಣವನ್ನು ಅರಿಯುವ ಕುತೂಹಲ, ದಿನವೂ ಲೆಕ್ಕ ಬರೆಯುವ ಶಿಸ್ತು, ಹಳ್ಳಿಯವರೊಡನೆ ಬೆರೆಯುವ ಸ್ವಭಾವ ಈ ಮೂರೂ ಇರುವ ಮಕ್ಕಳಿಗೆ ಜಲಕೃಷಿ ಎರಡನೆಯ ಆಯ್ಕೆಯಾಗಬೇಕಾಗಿಲ್ಲ. ಅದನ್ನು ಮೊದಲನೆಯದಾಗಿಯೇ ಬರೆದುಕೊಳ್ಳಬಹುದು.