ಕಡಲಾಳದ ಕದಿರು ಏಕೆ ಪುಡಿಯಾಗದು?

ನಮ್ಮ ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸೂಪಾ, ದಾಂಡೇಲಿಗಳನ್ನು ದಾಟಿ, ಒಟ್ಟು 184 ಕಿ.ಮೀ. ಹರಿದು ಕಾರವಾರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಆದರೆ ಘಟ್ಟದ ಮೇಲಿನ ನಮ್ಮ ಮಕ್ಕಳಿಗೆ ಕಡಲೆಂದರೆ ಶಾಲಾ ಪ್ರವಾಸದಲ್ಲಿ ಕಂಡದ್ದಷ್ಟೇ. ಅಂಥ ಪ್ರವಾಸ ಮುಗಿಸಿ ಬಂದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಉದ್ದನೆಯ ಶಂಖವೊಂದನ್ನು ನನ್ನ ಮೇಜಿನ ಮೇಲಿಟ್ಟ. ನಡು ಉಬ್ಬಿ, ಎರಡೂ ತುದಿ ಚೂಪಾಗಿ, ನೂಲು ಸುತ್ತಿದ ಚರಕದ ಕದಿರಿನಂತಿತ್ತು.

ಇದರ ಹೆಸರಿನ ಅರ್ಥವೂ ಅದೇ. ಈ ಕಡಲ ಬಸವನಹುಳುಗಳ ಕುಲ ಫ್ಯೂಸಿನಸ್. ಲ್ಯಾಟಿನ್ ಭಾಷೆಯಲ್ಲಿ ‘ಫ್ಯೂಸಸ್’ ಎಂದರೆ ಕದಿರು. ಇವುಗಳಲ್ಲಿ ಕೆಲವು ದಡದ ಸಮೀಪ ಇದ್ದರೆ, ಇನ್ನು ಕೆಲವು ನೂರಾರು ಮೀಟರ್ ಆಳದಲ್ಲಿ ಬದುಕುತ್ತವೆ.

“ಸರ್, ಅಷ್ಟು ಆಳದಲ್ಲಿ ನೀರಿನ ಭಾರಕ್ಕೆ ಇದು ಒಡೆಯೋದಿಲ್ವಾ?” ಎಂದ ಹುಡುಗ.

“ಚಿಪ್ಪು ಗಟ್ಟಿ ಇದೆಯಲ್ಲಪ್ಪಾ, ತಡ್ಕೊಳ್ತದೆ” ಎಂದುಬಿಟ್ಟೆ. ಅಷ್ಟರಲ್ಲಿ ಶಂಖ ಮೇಜಿನಿಂದ ಉರುಳಿ ಬಿದ್ದು ಅದರ ಉದ್ದನೆಯ ಬಾಲ ಮುರಿಯಿತು. ತರಗತಿಯೆಲ್ಲ ನಕ್ಕಿತು. ಹುಡುಗ ಮಾತ್ರ ನಗಲಿಲ್ಲ. “ಗಟ್ಟಿ ಅಂದ್ರಲ್ಲ ಸರ್?” ಎಂದ.

ಆ ರಾತ್ರಿ ಲೆಕ್ಕ ಹಾಕಿದೆ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಅಷ್ಟು ಆಳದ ನೀರಿನ ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 10 ಕೆ.ಜಿ. ಭಾರ. ಕಡಲಲ್ಲಿ 500 ಮೀಟರ್ ಇಳಿದರೆ ಅದು ಸುಮಾರು 50 ಕೆ.ಜಿ. ಅಂದರೆ ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದು ಮೂಟೆ ಅಕ್ಕಿ! ಮೇಜಿನಿಂದ ಬಿದ್ದರೆ ಮುರಿಯುವ ಚಿಪ್ಪು ಇದನ್ನು ತನ್ನ ಗಟ್ಟಿತನದಿಂದಲೇ ತಡೆದೀತೆ?

ಮರುದಿನ ಸೂಜಿಯಿಲ್ಲದ ಹೊಸ ಸಿರಿಂಜೊಂದನ್ನು ತರಗತಿಗೆ ಒಯ್ದೆ. ನೀವೂ ಮನೆಯಲ್ಲಿ ಮಾಡಿ ನೋಡಿ. ಸಿರಿಂಜಿನಲ್ಲಿ ಗಾಳಿ ಎಳೆದುಕೊಂಡು, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ, ಗಾಳಿ ಕುಗ್ಗುತ್ತದೆ. ಈಗ ಗುಳ್ಳೆಯಿಲ್ಲದಂತೆ ನೀರು ತುಂಬಿಸಿ ಒತ್ತಿ. ಒಂದು ಗೆರೆಯಷ್ಟೂ ಸರಿಯದು.

ಗುಟ್ಟು ಇಲ್ಲಿದೆ. ಶಂಖದ ಹುಳುವಿನೊಳಗೆ ಗಾಳಿ ತುಂಬಿದ ಟೊಳ್ಳು ಜಾಗವಿಲ್ಲ. ಅದರ ಮೈಯ ಬಹುಪಾಲು ನೀರು. ಚಿಪ್ಪಿನ ಬಾಯಿಯೂ ಕಡಲಿಗೆ ತೆರೆದಿದೆ. ಹೊರಗೆಷ್ಟು ಒತ್ತಡವೋ ಒಳಗೂ ಅಷ್ಟೇ. ಹಾಗಾಗಿ ಚಿಪ್ಪನ್ನು ಒಳಕ್ಕೆ ಕುಸಿಯುವಂತೆ ಮಾಡುವ ಬಲ ಉಳಿಯುವುದೇ ಇಲ್ಲ. ನಾವು ನೀರಿನಲ್ಲಿ ಮುಳುಗಿದಾಗ ಕಿವಿ ನೋಯುವುದು ಕಿವಿಯೊಳಗೆ ಗಾಳಿ ಇರುವುದರಿಂದ. ಹೆಚ್ಚಿನ ಒತ್ತಡ ಜೀವಕೋಶಗಳ ಪ್ರೋಟೀನುಗಳ ಕೆಲಸವನ್ನು ಕೆಡಿಸಬಲ್ಲದು ನಿಜ; ಆಳದ ಜೀವಿಗಳ ದೇಹ ಅದಕ್ಕೂ ಹೊಂದಿಕೊಂಡಿದೆ.

ಹಾಗಾದರೆ ಚಿಪ್ಪು ಏತಕ್ಕೆ? ಏಡಿ, ಮೀನುಗಳಿಂದ ಪಾರಾಗಲು. ಮುರಿದುಹೋದ ಆ ಬಾಲವೂ ಅಲಂಕಾರವಲ್ಲ. ಹುಳುವಿನ ಉಸಿರುಕೊಳವೆ ಚಾಚುವ ದಾರಿ ಅದು. ಅದರ ಮೂಲಕ ಒಳಬರುವ ನೀರು ಕಿವಿರುಗಳಿಗೆ ಆಮ್ಲಜನಕವನ್ನೂ, ಬೇಟೆಯ ವಾಸನೆಯನ್ನೂ ತರುತ್ತದೆ. ಕತ್ತಲೆಯ ಆಳದಲ್ಲಿ ಮೂಗೇ ಕಣ್ಣು.

“ನಿನ್ನೆ ನಾನು ಹೇಳಿದ್ದು ತಪ್ಪು” ಎಂದು ಎಲ್ಲರೆದುರು ಒಪ್ಪಿಕೊಂಡೆ. ಈ ಸಲ ಯಾರೂ ನಗಲಿಲ್ಲ. ಪಾಲಕರಲ್ಲಿ ನನ್ನ ಕೋರಿಕೆ ಇಷ್ಟೆ: ಮಗು ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ “ಬಾ, ನೋಡೋಣ” ಎನ್ನಿ. ಆ ಮುರಿದ ಶಂಖ ಈಗಲೂ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿದೆ, ಪಕ್ಕದಲ್ಲೇ ಸಿರಿಂಜು.