ಠಾಣೆಯಲ್ಲಿ ಜೊತೆಗೊಬ್ಬರು

ಪ್ರಶ್ನೆ: ಅಪರಾಧಕ್ಕೆ ತುತ್ತಾದವರ ನೆರವಿಗೆ ನಮ್ಮಂಥ ಸಾಮಾನ್ಯರು ಪೊಲೀಸರ ಜೊತೆ ಕೆಲಸ ಮಾಡಬಹುದೇ? (ಓದುಗರು, ಹಲಸೂರು)

ಉತ್ತರ: ಖಂಡಿತ ಮಾಡಬಹುದು. ಬೆಂಗಳೂರಿನ ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯಲ್ಲಿ 1999ರಲ್ಲಿ ಶುರುವಾದ ವನಿತಾ ಸಹಾಯವಾಣಿಯೇ ಇದಕ್ಕೆ ಉದಾಹರಣೆ. ನಗರ ಪೊಲೀಸರ ಜೊತೆಗೂಡಿ ‘ಪರಿಹಾರ್’ ಸಂಸ್ಥೆ ಅದನ್ನು ನಡೆಸಿಕೊಂಡು ಬಂತು. ಮನೆಯಲ್ಲಿ ಹಿಂಸೆ ಅನುಭವಿಸಿ ಬಂದ ಹೆಣ್ಣುಮಗಳು ಖಾಕಿ ತೊಡದ ಆಪ್ತಸಮಾಲೋಚಕಿಯ ಎದುರು ಕುಳಿತು ಮನಸ್ಸು ಬಿಚ್ಚಬಹುದು.

ಮಕ್ಕಳ ವಿಷಯದಲ್ಲಂತೂ ಕಾನೂನೇ ಇಂಥವರಿಗೆ ಜಾಗ ಮಾಡಿಕೊಟ್ಟಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳಂತೆ ಮಕ್ಕಳ ಕಲ್ಯಾಣ ಸಮಿತಿ ಒಬ್ಬ ‘ಬೆಂಬಲ ವ್ಯಕ್ತಿ’ಯನ್ನು ನೇಮಿಸಬಹುದು. ತನಿಖೆಯಿಂದ ಹಿಡಿದು ವಿಚಾರಣೆಯವರೆಗೆ ಅವರು ಮಗುವಿನ ಜೊತೆಗಿರುತ್ತಾರೆ. ಮುಂದೇನಾಗುತ್ತದೆ ಎಂದು ಮನೆಯವರಿಗೆ ತಿಳಿಸಿಹೇಳುತ್ತಾರೆ. ಒಳ್ಳೆಯ ಮನಸ್ಸೊಂದೇ ಸಾಲದು, ಓದು, ಅನುಭವ, ತರಬೇತಿ ಬೇಕು. ಅದು ಸರಿಯೇ, ನೊಂದ ಮಗುವಿಗೆ ಅರೆಬರೆ ಸಲಹೆ ಇನ್ನೊಂದು ಪೆಟ್ಟಾದೀತು.

ನಿಮ್ಮ ಕಡೆಯವರಿಗೆ ಒಂದು ಅನುಕೂಲವಿದೆ: ಭಾಷೆ. ಶಿವಾಜಿನಗರ, ಹಲಸೂರುಗಳಲ್ಲಿ ಕನ್ನಡದ ಜೊತೆ ತಮಿಳು, ಉರ್ದು ಬಲ್ಲವರು ಬಹಳ. ಹೇಳಿಕೆ ಬರೆಸುವಾಗ ತಮ್ಮ ಮಾತು ತಿಳಿದವರು ಪಕ್ಕದಲ್ಲಿದ್ದರೆ ನೊಂದವರಿಗೆ ಎಷ್ಟೋ ಧೈರ್ಯ.

ನೊಂದವರ ಹೆಸರು, ವಿಳಾಸ ಮಾತ್ರ ಯಾರಲ್ಲೂ ಬಾಯಿಬಿಡಬೇಡಿ. ಲೈಂಗಿಕ ದೌರ್ಜನ್ಯದ ಸಂತ್ರಸ್ತರ ಗುರುತನ್ನು ಪ್ರಕಟಿಸಿದರೆ 2 ವರ್ಷದವರೆಗೆ ಜೈಲು ಶಿಕ್ಷೆಯಿದೆ.