ಚಿತ್ತಾರದ ಎಲೆಯ ಬಾಳೆ

ಬಾಳೆಯ ಗಿಡವನ್ನು ಕೇವಲ ನೋಟಕ್ಕಾಗಿ ಬೆಳೆಸುವವರಿದ್ದಾರೆಂದರೆ ನಮ್ಮ ಸೀಮೆಯ ಹಿರಿಯರಿಗೆ ಇಂದಿಗೂ ನಗೆ ಬರುತ್ತದೆ. ಆ ನಗೆಯಲ್ಲಿ ನ್ಯಾಯವಿಲ್ಲದೆ ಇಲ್ಲ. ತುಮಕೂರು, ಗುಬ್ಬಿ, ಕುಣಿಗಲುಗಳ ಕಡೆ ಬಾಳೆಗೆ ಕೈತುಂಬ ಕೆಲಸವಿದೆ. ಎಳೆಯ ಅಡಕೆ ಸಸಿಗೆ ಅದು ನೆರಳಾಗಬೇಕು, ಮದುವೆಯ ಬಾಗಿಲಿಗೆ ಕಂಬವಾಗಬೇಕು, ಪಂಕ್ತಿಗೆ ಎಲೆಯಾಗಬೇಕು. ದಿಂಡು ಪಲ್ಯಕ್ಕೆ, ನಾರು ಹೂ ಕಟ್ಟುವುದಕ್ಕೆ, ಹಣ್ಣಂತೂ ಸರಿಯೇ ಸರಿ. ಇಷ್ಟೆಲ್ಲ ದುಡಿಯುವ ಜೀವವನ್ನು ಅಂಗಳದಲ್ಲಿ ಸುಮ್ಮನೆ ನಿಲ್ಲಿಸಿ ಅಂದ ನೋಡುವುದೆಂದರೆ ಉಳುವ ಎತ್ತಿಗೆ ಝೂಲು ಹೊದಿಸಿ ಕಟ್ಟಿಹಾಕಿದಂತೆ ಎಂದು ಅವರ ಭಾವನೆ.

ಆದರೂ ಈಚೀಚೆಗೆ ಪಟ್ಟಣದ ಮನೆಗಳಲ್ಲಿ ಎಲೆಯ ಮೇಲೆ ಬಿಳಿಯ ಪಟ್ಟೆಯೋ ಕೆಂಪು ಮಚ್ಚೆಯೋ ಇರುವ ಬಾಳೆಗಳು ಕಾಣಿಸಿಕೊಳ್ಳುತ್ತಿವೆ. ಅವುಗಳ ಮೋಹ ನನಗೂ ಉಂಟು. ಹಸಿರೆಂಬ ಒಂದೇ ಬಣ್ಣದಲ್ಲಿ ಅಷ್ಟು ಅಗಲದ ಹಾಳೆಯನ್ನು ತುಂಬಿಟ್ಟ ಪ್ರಕೃತಿ, ಎಲ್ಲೋ ಒಂದೆಡೆ ಕುಂಚವನ್ನು ಸುಣ್ಣದಲ್ಲಿ ಅದ್ದಿ ಎಳೆದರೆ ಕಣ್ಣು ಅಲ್ಲಿಯೇ ನಿಲ್ಲುತ್ತದೆ. ಆದರೆ ಬಾಳೆಯ ಎಲೆಯ ಮೇಲೆ ಕಾಣುವ ಪಟ್ಟೆಗಳೆಲ್ಲ ಒಂದೇ ಮೂಲದವಲ್ಲ. ಕೆಲವು ಚೆಲುವು, ಕೆಲವು ರೋಗ. ಇವೆರಡರ ನಡುವಣ ಭೇದವನ್ನು ಅರಿಯದೆ ಗಿಡ ತರುವುದು ಅಪಾಯ.

ಮೊದಲು ಚೆಲುವಿನ ಮಾತು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕೆಂಪು ಮಚ್ಚೆಯ ಬಾಳೆ. ಆಗ್ನೇಯ ಏಷ್ಯದ ಕಾಡುಬಾಳೆಯ ಒಂದು ಒಳಜಾತಿಯಿದು. ಎಲೆಯ ಮೇಲೆ ರಕ್ತ ಚಿಮ್ಮಿದಂತಹ ಕಲೆಗಳಿರುವುದರಿಂದ ಇದಕ್ಕೆ ರಕ್ತಬಾಳೆಯೆಂಬ ಹೆಸರೂ ಬಂದಿದೆ. ಹಣ್ಣು ಬಿಟ್ಟರೂ ಅದರ ತುಂಬ ಬೀಜ, ತಿನ್ನುವವನಿಗೆ ನಿರಾಶೆಯೇ. ಆದರೆ ಈ ಬಣ್ಣ ಅದರ ವಂಶದ ಗುಣ, ಆದ್ದರಿಂದ ಬೀಜದಿಂದ ಹುಟ್ಟಿದ ಸಸಿಯಲ್ಲಿಯೂ ಸ್ವಲ್ಪ ಹೆಚ್ಚುಕಡಿಮೆಯಾಗಿ ಬರುತ್ತದೆ. ಬೆಳೆಸುವುದೂ ಸುಲಭ.

ಎರಡನೆಯದು ಬಿಳಿಪಟ್ಟೆಯದು, ನಿಜವಾದ ಸೊಗಸುಗಾರ. ಹವಾಯಿ ದ್ವೀಪಗಳ ‘ಆಯೆ ಆಯೆ’ ಎಂಬ ತಳಿ ಇದರಲ್ಲಿ ಹೆಸರಾದುದು. ಪಾಲಿನೇಷ್ಯದ ಜನ ಹಿಂದೆ ದೋಣಿಗಳಲ್ಲಿ ಬಾಳೆಯ ಕಂದುಗಳನ್ನು ಇಟ್ಟುಕೊಂಡೇ ಕಡಲನ್ನು ದಾಟಿ ಆ ದ್ವೀಪಗಳನ್ನು ಸೇರಿದರು. ಈ ಬಾಳೆಗೆ ಅಲ್ಲಿನವರು ಬಿಳಿಯ ಕಡಲಹಕ್ಕಿಯೊಂದರ ಹೆಸರನ್ನೂ ಇಟ್ಟಿದ್ದಾರೆ. ಇದರ ಎಲೆ ಮಾತ್ರವಲ್ಲ, ಕಾಂಡ, ಎಲೆಯ ದಂಟು, ಕಡೆಗೆ ಕಾಯಿಯ ಸಿಪ್ಪೆ ಕೂಡ ಹಸಿರು-ಬಿಳಿಗಳ ಪಟ್ಟೆ ಹೊತ್ತಿರುತ್ತವೆ.

ಈ ಬಿಳುಪು ಬರುವುದು ಹೇಗೆ? ಗಿಡದ ಬೆಳೆಯುವ ತುದಿ, ಎಂದರೆ ಗೆಡ್ಡೆಯ ನಡುವೆ ಅಡಗಿರುವ ಕುಡಿ, ಜೀವಕೋಶಗಳ ಪದರಗಳಿಂದ ಆದುದು. ಯಾವುದೋ ಒಂದು ಕೋಶದಲ್ಲಿ ಪಲ್ಲಟವುಂಟಾಗಿ ಪತ್ರಹರಿತ್ತನ್ನು ತಯಾರಿಸುವ ಶಕ್ತಿ ತಪ್ಪಿಹೋಗುತ್ತದೆ. ಆ ಕೋಶದ ಸಂತಾನವೆಲ್ಲ ಬಿಳಿ. ಪಕ್ಕದ ಕೋಶಗಳ ಸಂತಾನ ಹಸಿರು. ಹೀಗೆ ಎರಡು ಕುಲದ ಕೋಶಗಳು ಒಂದೇ ದೇಹದಲ್ಲಿ ಒಟ್ಟಿಗೆ ಬಾಳುತ್ತವೆ. ಇಂಥ ಗಿಡವನ್ನು ಸಸ್ಯಶಾಸ್ತ್ರಜ್ಞರು ‘ಕಿಮೇರಾ’ ಎನ್ನುತ್ತಾರೆ. ಸಿಂಹ, ಮೇಕೆ, ಸರ್ಪಗಳು ಕೂಡಿದ ಗ್ರೀಕ್ ಪುರಾಣದ ಪ್ರಾಣಿಯ ಹೆಸರು ಅದು. ದೇವರಾಯನದುರ್ಗದ ಬುಡದಲ್ಲಿ ಭೋಗನರಸಿಂಹನಿಗೂ ಮೇಲೆ ಯೋಗನರಸಿಂಹನಿಗೂ ಕೈಮುಗಿದು ಬರುವ ನಮಗೆ ಇದನ್ನು ತಿಳಿಯಲು ಗ್ರೀಸಿನವರೆಗೆ ಹೋಗಬೇಕಾದ ಅಗತ್ಯವಿಲ್ಲ.

ಇಂಥ ಪಲ್ಲಟ ನಮ್ಮ ಬಾಳೆಗಳಿಗೆ ಹೊಸದೂ ಅಲ್ಲ. ಕಲಬುರಗಿ ಕಡೆಯ ಕಮಲಾಪುರದ ಕೆಂಬಾಳೆಯನ್ನು ತಾವು ಬಲ್ಲಿರಿ. ಕೆಂಬಾಳೆಯ ಬುಡದಲ್ಲಿ ಅಪರೂಪಕ್ಕೊಮ್ಮೆ ಹಸಿರು ಕಾಂಡದ ಕಂದೊಂದು ಏಳುವುದುಂಟು. ಅದರ ಗೊನೆಯೂ ಹಸಿರೇ. ಪಲ್ಲಟದಿಂದ ಬಂದ ಬಣ್ಣ ಪಲ್ಲಟದಿಂದಲೇ ಹೋಗುತ್ತದೆ. ಬಿಳಿಪಟ್ಟೆಯದಂತೂ ಇನ್ನೂ ಚಂಚಲ. ಒಂದೇ ತಾಯಿಯ ಬುಡದಲ್ಲಿ ಪಟ್ಟೆಯ ಕಂದು, ಪೂರ್ಣ ಹಸಿರಿನ ಕಂದು, ಹಾಲಿನಂತೆ ಅಚ್ಚ ಬಿಳಿಯ ಕಂದು, ಮೂರೂ ಏಳಬಹುದು. ಅಚ್ಚ ಬಿಳಿಯದು ನೋಡಲು ಅದ್ಭುತ. ಆದರೆ ಬಿಸಿಲಿನಿಂದ ಅನ್ನ ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ತಾಯಿಯ ಗೆಡ್ಡೆಯಿಂದ ಬೇರ್ಪಡಿಸಿದರೆ ಕೆಲವೇ ವಾರಗಳಲ್ಲಿ ಸೊರಗಿ ಸಾಯುತ್ತದೆ.

ಇನ್ನು ರೋಗದ ಮಾತು. ದುರ್ಗದ ತಪ್ಪಲಿನ ಹಳ್ಳಿಯೊಂದರಲ್ಲಿ ನನಗೆ ಬಹುಕಾಲದಿಂದ ಬಳಕೆಯ ಒಂದು ಮನೆಯಿದೆ. ಆ ಮನೆಯ ಹಿರಿಯಾಕೆ ಬಾವಿಯ ಬಳಿ ಹೊಸ ಬಾಳೆ ನೆಟ್ಟಿರುವುದಾಗಿಯೂ ಎಲೆಯ ತುಂಬ ಹಳದಿ ಗೆರೆ ಮೂಡಿರುವುದಾಗಿಯೂ ಹೇಳಿ ಕಳುಹಿಸಿದ್ದರು. ಗಿಡ ಮಾರುವವನೊಬ್ಬ ಅದನ್ನು ಅಪರೂಪದ ತಳಿಯೆಂದು ಹೇಳಿ ಹೆಚ್ಚಿನ ಬೆಲೆಗೆ ಕೊಟ್ಟಿದ್ದ. ಅದರ ಕಂದುಗಳನ್ನು ಆಗಲೇ ಮೂರು ಮನೆಗಳಿಗೆ ಕೊಡುತ್ತೇನೆಂದು ಆಕೆ ಮಾತು ಕೊಟ್ಟಾಗಿತ್ತು. ಹೋಗಿ ನೋಡಿದೆ. ಗೆರೆಗಳು ತುಂಡು ತುಂಡಾಗಿದ್ದವು. ಹಳದಿ ಎಲ್ಲಿ ಮುಗಿದು ಹಸಿರೆಲ್ಲಿ ತೊಡಗುತ್ತದೆಂಬುದು ಸ್ಪಷ್ಟವಿರಲಿಲ್ಲ. ಹೊಸದಾಗಿ ಬಿಚ್ಚಿದ ಎಲೆ ಹಳೆಯದಕ್ಕಿಂತ ಕಿರಿದಾಗಿ, ಅಂಚು ಸುಕ್ಕಾಗಿತ್ತು. ಕಾಂಡದ ಮೇಲೆ ಯಾವ ಪಟ್ಟೆಯೂ ಇಲ್ಲ. ಬಾಳೆಯ ಸುತ್ತ ಸೌತೆ, ಕುಂಬಳದ ಬಳ್ಳಿ ಹಬ್ಬಿತ್ತು. ಅತ್ತ ಹತ್ತು ಮಾರು ದೂರದಲ್ಲಿ, ಹೊಸ ಅಡಕೆಯ ನೆರಳಿಗೆಂದು ಇಟ್ಟ ಏಲಕ್ಕಿ ಬಾಳೆಯ ಸಾಲುಗಳು.

ಇದು ಮೊಸಾಯಿಕ್ ರೋಗವೆಂದು ನನಗೆ ತೋರಿತು. ಬಾಳೆಯ ರೋಗಗಳನ್ನು ಬಲ್ಲ ಅಧಿಕಾರಿಯೊಬ್ಬರಿಗೆ ಎಲೆಯನ್ನು ತೋರಿಸಿದಾಗ ಅವರೂ ಅದನ್ನೇ ಹೇಳಿದರು. ಸೌತೆಯ ಹೆಸರನ್ನು ಹೊತ್ತ ಈ ವೈರಸ್ಸು ನೂರಾರು ಜಾತಿಯ ಗಿಡಗಳಲ್ಲಿ ವಾಸಿಸಬಲ್ಲದು. ಸಸ್ಯಹೇನುಗಳು ರಸ ಹೀರುವಾಗ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆ. ಬಾಳೆಗೆ ಬಂದ ಮೇಲೆ ಔಷಧಿಯಿಲ್ಲ. ಗೆಡ್ಡೆಸಹಿತ ಕಿತ್ತು ನಾಶಪಡಿಸುವುದೊಂದೇ ದಾರಿ.

“ಇಷ್ಟು ಚೆಂದಾಗಿರೋ ಗಿಡಾನ ಕಡಿ ಅಂತೀರಲ್ಲ ಮೇಷ್ಟ್ರೇ” ಎಂದರು ಆಕೆ. ಬಹಳ ಹೊತ್ತು ಸುಮ್ಮನಿದ್ದು, “ಆ ಸಾಲಿಗೂ ಬತ್ತದಾ?” ಎಂದು ಏಲಕ್ಕಿ ಬಾಳೆಯ ಕಡೆ ನೋಡಿದರು. ಬರಬಹುದು ಎಂದೆ. ಅಂದು ಸಂಜೆಯೊಳಗೆ ಮಗನ ಕೈಯಲ್ಲಿ ಗೆಡ್ಡೆ ಅಗೆಸಿ, ಕೊಚ್ಚಿಸಿ, ಸೌತೆ ಬಳ್ಳಿಯನ್ನೂ ಕೀಳಿಸಿದರು. ಮೂರು ಮನೆಗಳಿಗೆ ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳುವುದೇ ಆಕೆಗೆ ಗಿಡ ಕಡಿಸಿದ್ದಕ್ಕಿಂತ ಕಷ್ಟವಾಯಿತೆಂದು ತೋರುತ್ತದೆ.

ಕಂದಿನ ಮೂಲಕ ರೋಗ ಹಬ್ಬುವುದು ಸಣ್ಣ ಸಂಗತಿಯಲ್ಲ. ನಂಜನಗೂಡಿನ ರಸಬಾಳೆ ಬೆರಳೆಣಿಕೆಯ ತೋಟಗಳಿಗೆ ಕುಗ್ಗಿದುದಕ್ಕೆ ಪನಾಮಾ ಸೊರಗುರೋಗ ದೊಡ್ಡ ಕಾರಣ; ಆ ಶಿಲೀಂಧ್ರವೂ ಮಣ್ಣಿನಲ್ಲಿ, ಕಂದಿನಲ್ಲಿ ಪ್ರಯಾಣ ಮಾಡುತ್ತದೆ. ಗೊಂಚಲು ತಲೆಯ ರೋಗವಂತೂ ತಮಿಳುನಾಡಿನ ಪಳನಿ ಬೆಟ್ಟಗಳ ವಿರೂಪಾಕ್ಷಿ ಬಾಳೆಯನ್ನು ಬಹುಮಟ್ಟಿಗೆ ಅಳಿಸಿಹಾಕಿತು.

ಆದ್ದರಿಂದ ಪಟ್ಟೆ ಬಾಳೆಯನ್ನು ಕೊಳ್ಳುವಾಗ ಎಲೆಯನ್ನು ನೋಡಿ ಮರುಳಾಗದೆ ಕಾಂಡವನ್ನು ನೋಡಬೇಕು. ಹುಟ್ಟುಗುಣದ ಬಿಳುಪು ಕಾಂಡದಿಂದ ದಂಟಿಗೆ, ದಂಟಿನಿಂದ ಎಲೆಗೆ ಮುಂದುವರಿದು ಬರುತ್ತದೆ. ಅದರ ಅಂಚು ಕತ್ತರಿಸಿಟ್ಟಂತೆ ಖಚಿತ. ಬಣ್ಣ ಹಾಲಿನದು ಅಥವಾ ಕೆನೆಯದು. ಗಿಡ ನಿಧಾನವಾಗಿ ಬೆಳೆದರೂ ಎಲೆ ಸೊಟ್ಟಗಾಗುವುದಿಲ್ಲ. ಹಳದಿ ಗೆರೆ ದಿನ ಕಳೆದಂತೆ ಕಂದಾಗಿ, ಕಪ್ಪಾಗಿ ಒಣಗುತ್ತಿದ್ದರೆ ಅದು ಗೆರೆ ರೋಗದ ವೈರಸ್ಸು. ಅಂಥ ಗಿಡದ ಹತ್ತಿರ ಸುಳಿಯಬಾರದು. ನರಗಳು ಹಸಿರಾಗಿಯೇ ಉಳಿದು ನಡುವಣ ಭಾಗವೆಲ್ಲ ಒಂದೇ ಸಮನೆ ಹಳದಿಯಾಗಿದ್ದರೆ ಅದು ಬಹುಶಃ ಕಬ್ಬಿಣ ಮೊದಲಾದ ಪೋಷಕಾಂಶಗಳ ಕೊರತೆ. ಸುಣ್ಣದಂಶ ಹೆಚ್ಚಿದ ಮಣ್ಣಿನಲ್ಲಿ ಹೀಗಾಗುತ್ತದೆ, ಗೊಬ್ಬರದಿಂದ ಸರಿಹೋಗುತ್ತದೆ. ಸಾಧ್ಯವಾದರೆ ತಾಯಿಗಿಡವನ್ನೇ ಕಣ್ಣಾರೆ ನೋಡಿ, ಹಸಿರು-ಬಿಳಿ ಎರಡೂ ಚೆನ್ನಾಗಿ ಹಂಚಿಕೊಂಡ, ಕತ್ತಿಯಲಗಿನಂತೆ ಕಿರಿದಾದ ಎಲೆಯ, ದಪ್ಪ ಬುಡದ ಕಂದನ್ನು ಆರಿಸಬೇಕು. ಎಳೆಯದರಲ್ಲೇ ಅಗಲ ಎಲೆ ಬಿಚ್ಚಿದ ನೀರುಗಂದು ಬೇಡ. ಅಂಗಾಂಶ ಕೃಷಿಯ ಸಸಿಯಾದರೆ ಪಟ್ಟೆ ಉಳಿದಿದೆಯೇ ಎಂದು ನಾಲ್ಕಾರು ಎಲೆ ಬರುವತನಕ ಕಾಯುವುದು ಲೇಸು. ಆ ವಿಧಾನದಲ್ಲಿ ಕೋಶಗಳ ಜೋಡಣೆ ಕದಡಿ ಬರಿಯ ಹಸಿರು ಗಿಡಗಳು ಬರುವುದು ಹೆಚ್ಚು.

ನೆಡುವ ಕ್ರಮದಲ್ಲಿ ಹೇಳುವಂಥದು ಹೆಚ್ಚಿಲ್ಲ. ಒಂದೂವರೆ ಅಡಿಯ ಗುಂಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ನೀರು ನಿಲ್ಲದ ನೆಲ, ಜೂನ್ ತಿಂಗಳ ಮಳೆ. ಜಾಗದ ಆಯ್ಕೆಯಲ್ಲಿ ಮಾತ್ರ ಸಾಮಾನ್ಯ ಬಾಳೆಯ ಲೆಕ್ಕ ನಡೆಯದು. ಬಿಳಿಯ ಭಾಗಕ್ಕೆ ಬಿಸಿಲನ್ನು ತಡೆಯುವ ಶಕ್ತಿಯಿಲ್ಲ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಅದು ಸುಟ್ಟ ಕಾಗದದಂತಾಗುತ್ತದೆ. ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ಗೋಡೆಯದೋ ತೆಂಗಿನದೋ ನೆರಳು ಸಿಗುವ ಮೂಡಣ ಮಗ್ಗುಲು ಉತ್ತಮ. ಹಾಗೆಂದು ಕತ್ತಲೆಯಲ್ಲಿಟ್ಟರೆ, ಅರ್ಧ ಹಸಿರಿನಿಂದಲೇ ಮನೆ ನಡೆಸಬೇಕಾದ ಗಿಡ ಉಪವಾಸ ಬೀಳುತ್ತದೆ. ಸಮುದ್ರಮಟ್ಟದಿಂದ 3,900 ಅಡಿಗಳಿಗೂ ಎತ್ತರವಿರುವ ದುರ್ಗದ ನೆತ್ತಿಯ ಗಾಳಿಯಲ್ಲಿ ಈ ಎಲೆ ದಿನವೊಪ್ಪತ್ತಿಗೆ ಚಿಂದಿಯಾದೀತು. ನಾಮದ ಚಿಲುಮೆಯ ಸುತ್ತಿನಂಥ, ಮರಗಳ ಮರೆಯಿರುವ ತಂಪು ತಗ್ಗು ಅದಕ್ಕೆ ಒಪ್ಪುತ್ತದೆ. ಅಂಗಳದಲ್ಲಿ ಅಂಥದೊಂದು ಮೂಲೆಯನ್ನು ಹುಡುಕಬೇಕು. ಪಕ್ಕದಲ್ಲಿ ಸೌತೆ, ಕುಂಬಳ, ಟೊಮೆಟೊ ಬೇಡ.

ನೆಟ್ಟ ಮೇಲೆ ಪಟ್ಟೆಯನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಬುಡದಲ್ಲಿ ಪೂರ್ಣ ಹಸಿರಿನ ಕಂದು ಎದ್ದರೆ ತಡಮಾಡದೆ ಗೆಡ್ಡೆಯ ಮಟ್ಟಕ್ಕೆ ಕೊಯ್ದು ತೆಗೆಯಬೇಕು. ಅದು ಬಲಶಾಲಿ, ಬಿಟ್ಟರೆ ಎರಡು ವರ್ಷದಲ್ಲಿ ಇಡೀ ಬುಡ ಅದರದೇ. ಅಚ್ಚ ಬಿಳಿಯದನ್ನು ಮಾತ್ರ ನಾನು ತೆಗೆಯುವುದಿಲ್ಲ. ಅದು ತಾಯಿಯ ಅನ್ನವನ್ನು ತಿನ್ನುತ್ತದೆಂದು ತಿಳಿದವರು ಆಕ್ಷೇಪಿಸುತ್ತಾರೆ; ಅವರ ಮಾತು ಸರಿಯೇ. ಆದರೂ ಮೊದಲ ಎಲೆ ಬಿಚ್ಚಿ ಬಾಡುವವರೆಗಿನ ಆ ಕೆಲವು ದಿನ ಅದನ್ನು ಹಾಗೆಯೇ ಬಿಟ್ಟು, ಆಮೇಲೆ ಕುಡುಗೋಲು ತರುತ್ತೇನೆ.